ನರಪಿಳ್ಳೆ ಅಂದರೆ ಯಾವ ನರ?

‘ಅಮ್ಮಾ, ಕ್ವಿಕ್ ಕ್ವೆಶ್ಚನ್. ನರಪಿಳ್ಳೆ ಅಂದ್ರೆ ವಿಚ್ ನರ್ವ್?’

ಮಗಳು ಅನಘಾ ಫೋನಿನಲ್ಲಿ ಹೀಗೆ ಕೇಳಿದಾಗ ನಾನು ಐಸೆಲಿನ್‌ನ ಇಂಡಿಯನ್ ಅಂಗಡಿಯಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಆ ಶನಿವಾರ ಕಳೆದು ಎರಡು ವರ್ಷದ ಮೇಲಾಯಿತು. ಕಳೆದ ವಾರ ಮಾತ್ರ ಅದು ಇದ್ದಕ್ಕಿದ್ದಂತೆ ಎದ್ದು ಬಂದು ಎದುರಿಗೆ ಕೂತಿತು. (ಯಾಕೆ ಅಂತ ಕೊನೆಗೆ ಹೇಳುತ್ತೇನೆ. ಸೀದಾ ಕೊನೆಯ ಸಾಲಿಗೆ ಹಾರಬೇಡಿ, ನಿಮ್ಮ ಅಭ್ಯಾಸ ನನಗೆ ಗೊತ್ತು.)

ಆಗ ಅವಳು ಕಾಲೇಜಿನ ಮೂರನೇ ವರ್ಷದಲ್ಲಿದ್ದಳು. ಮೇಜರ್ ನ್ಯೂರೋಸೈನ್ಸ್, ಹಿಡಿದ ದಾರಿ ಪ್ರಿ-ಮೆಡ್. ನಮ್ಮೂರಿನ ಹಾಗೆ ಪಿಯುಸಿ ಮುಗಿಸಿ ನೆಟ್ಟಗೆ ಮೆಡಿಕಲ್ ಸೇರುವ ಹಾಗಿಲ್ಲ ಇಲ್ಲಿ ಅಮೆರಿಕದಲ್ಲಿ. ಮೊದಲು ನಾಲ್ಕು ವರ್ಷ ಬೇರೇನಾದರೂ ಓದಬೇಕು, ಜೊತೆಗೆ ಅಲ್ಲಿ ಇಲ್ಲಿ ಬಿಟ್ಟಿ ಸೇವೆ ಮಾಡಬೇಕು, ಆಮೇಲೆ ಮೆಡಿಕಲ್ ಕಾಲೇಜಿನ ಬಾಗಿಲು ತಟ್ಟಬೇಕು.

ನ್ಯೂರೋಸೈನ್ಸ್ ಅಂದರೆ ಏನೇ ಎಂದು ಮಂಡ್ಯದಿಂದ ನನ್ನಮ್ಮ ಕೇಳಿದಾಗ ‘ನರಗಳ ಓದು’ ಅಂದುಬಿಟ್ಟಿದ್ದೆ. ಅಲ್ಲೇ ತಪ್ಪಾಯಿತು. ನಮ್ಮೂರಿನ ಬಸ್ ಸ್ಟ್ಯಾಂಡ್ ಗೋಡೆಗಳನ್ನು ನೀವೂ ನೋಡಿದ್ದೀರಲ್ಲ? ‘ನರದೌರ್ಬಲ್ಯಕ್ಕೆ ಗ್ಯಾರಂಟಿ ಚಿಕಿತ್ಸೆ, ಪ್ರತಿ ಸೋಮವಾರ ಲಾಡ್ಜಿನಲ್ಲಿ ಭೇಟಿಯಾಗಿ.’ ಹೆಣ್ಣು ಹುಡುಗಿಗೆ ಓದೋಕೆ ಅದೇ ಬೇಕಿತ್ತಾ ಎಂದು ಅಮ್ಮನ ಸಂಕಟ. ಇದು ತಲೆಯೊಳಗಿನ ನರ ಕಣಮ್ಮ ಎಂದು ಸಮಾಧಾನ ಮಾಡುವಷ್ಟರಲ್ಲಿ ಸಾಕೋಸಾಕಾಯಿತು.

ಆಗ ನಮ್ಮ ಮನೆ ಹೇಗಿತ್ತು ಅಂತೀರಿ! ಫ್ರಿಜ್ಜಿನ ಬಾಗಿಲ ತುಂಬ ಮಿದುಳಿನ ಚಿತ್ರಗಳು. ಊಟದ ಟೇಬಲ್ ಮೇಲೆ ಬಿಚ್ಚಿ ಜೋಡಿಸುವ ಪ್ಲಾಸ್ಟಿಕ್ ಮಿದುಳು. ಅದರ ಒಂದು ತುಂಡು ಕಳೆದುಹೋಗಿ, ಮನೆಯೆಲ್ಲ ಜಾಲಾಡಿದ ಮೇಲೆ ಹಪ್ಪಳದ ಡಬ್ಬಿಯ ಹಿಂದೆ ಸಿಕ್ಕಿತ್ತು. ನನ್ನ ಗಂಡ ಕ್ರಿಕೆಟ್ ನೋಡುತ್ತ ಕೂತರೆ ಸಾಕು, ಇವಳು ರಬ್ಬರ್ ಸುತ್ತಿಗೆ ಹಿಡಿದು ಬಂದು ಅವರ ಮೊಣಕಾಲಿಗೆ ಟಕ್ ಅಂತ ಕುಟ್ಟುತ್ತಿದ್ದಳು. ಕಾಲು ಒದೆದರೆ ಚಪ್ಪಾಳೆ. ಇದೇನು ಮನೆಯಾ ಲ್ಯಾಬಾ ಎಂದು ನಾನು ದಿನಾ ರೇಗುತ್ತಿದ್ದೆ. ಈಗ ಆ ಗಲಾಟೆಗೇ ಜೀವ ಹಾತೊರೆಯುತ್ತದೆ.

ಅಂಥ ಹುಡುಗಿ ಆ ಸೆಮಿಸ್ಟರ್‌ನಲ್ಲಿ ಮಂಕಾದಳು. ಒಂದು ಸಂಜೆ ನಾನು ಚಪಾತಿ ಲಟ್ಟಿಸುತ್ತಿದ್ದಾಗ ಹಿಂದೆ ಬಂದು ನಿಂತು, ಪ್ರಿ-ಮೆಡ್ ಬಿಡುತ್ತೇನೆ ಅಂದಳು. ಮಾರ್ಕ್ಸ್ ಚೆನ್ನಾಗಿಯೇ ಇತ್ತು. ತೊಂದರೆ ಬೇರೆ.

‘ಐ ಲವ್ ಬ್ರೇನ್ಸ್, ಅಮ್ಮ. ಬಟ್ ಪೇಷಂಟ್ ಮುಂದೆ ಕೂತ್ರೆ ಏನ್ ಮಾತಾಡ್ಬೇಕೋ ನಂಗೆ ಗೊತ್ತಾಗಲ್ಲ.’

ಒಂದನೇ ಕ್ಲಾಸಿನಿಂದ ಡಾಕ್ಟರ್ ಆಗುತ್ತೇನೆ ಎನ್ನುವುದು ಬಿಟ್ಟು ಬೇರೆ ಹೇಳದ ಮಗು ಅದು. ಸೆಮಿಸ್ಟರ್ ಮುಗಿಯಲಿ ತಡಿ ಅಂದೆ. ಮುಗಿದ ಕೂಡಲೇ ಕಾಲೇಜಿನ ಅಡ್ವೈಸರ್‌ಗೆ ಹೇಳಿಬಿಡುವುದು ಎಂದು ಅವಳು ತೀರ್ಮಾನಿಸಿಯೇ ಆಗಿತ್ತು.

ಅಷ್ಟರಲ್ಲಿ ಬಂತು ಈ ನರಪಿಳ್ಳೆ.

ಶನಿವಾರಗಳಲ್ಲಿ ಅನಘಾ ವುಡ್‌ಬ್ರಿಡ್ಜ್‌ನ ಒಂದು ಅಡಲ್ಟ್ ಡೇಕೇರ್‌ನಲ್ಲಿ ವಾಲಂಟಿಯರ್ ಮಾಡುತ್ತಿದ್ದಳು. ಅಂದರೆ ಹಿರಿಯರ ಬಾಲವಾಡಿ. ಬೆಳಿಗ್ಗೆ ವ್ಯಾನ್ ಬಂದು ಅಜ್ಜ ಅಜ್ಜಿಯರನ್ನು ಕರೆದೊಯ್ಯುತ್ತದೆ. ಬಿಪಿ ಚೆಕ್, ಭಜನೆ, ಹೌಸಿ, ಊಟ, ಸಂಜೆಗೆ ಮತ್ತೆ ಮನೆ. ಅಲ್ಲಿ ಎಲ್ಲರದೂ ಗುಜರಾತಿ. ಗದಗ ಕಡೆಯ ಶಾಂತವ್ವ ಒಬ್ಬರೇ ಕನ್ನಡದವರು. ಆ ದಿನ ಅವರು ತಟ್ಟೆ ಮುಟ್ಟಲಿಲ್ಲ. ನಿಮ್ಮ ಭಾಷೆಯವರಲ್ಲವಾ, ಏನಾಗಿದೆ ಕೇಳು ಎಂದು ನರ್ಸ್ ಇವಳನ್ನು ಕಳಿಸಿದಳು.

ಶಾಂತವ್ವ ಎದೆಯ ಮೇಲೆ ಕೈಯಿಟ್ಟುಕೊಂಡು ಹೇಳಿದರಂತೆ: ‘ಮಾತಾಡಾಕ ಒಂದ್ ನರಪಿಳ್ಳಿ ಇಲ್ಲ ನೋಡವಾ ಇಲ್ಲಿ.’

ನನ್ನ ಮಗಳ ಕನ್ನಡ ಎಷ್ಟು? ಊಟ, ಸ್ನಾನ, ಬೈಗುಳಕ್ಕೆ ಸಾಲುವಷ್ಟು. ನರ ಗೊತ್ತು. ಪಿಳ್ಳೆಯೂ ಗೊತ್ತು, ಚಿಳ್ಳೆಪಿಳ್ಳೆಗಳು ಅಂತ ನಾನು ಹೇಳುವುದನ್ನು ಕೇಳಿದ್ದಾಳೆ. ಎರಡನ್ನೂ ಕೂಡಿಸಿದಳು. ಮಾತಾಡುವ ಸಣ್ಣ ನರ ಇಲ್ಲವಂತೆ! ಹಾಗಾದರೆ ಸ್ಟ್ರೋಕೇ ಇರಬೇಕು! (ಮಾತಾಡುವ ನರವೇ ಇಲ್ಲದ ಅಜ್ಜಿ ಅದನ್ನು ಇಷ್ಟು ಸ್ಪಷ್ಟವಾಗಿ ಹೇಗೆ ಹೇಳಿದರು? ಅದು ತೋಚಲಿಲ್ಲ. ಓದಿದವರ ಹಣೆಬರಹವೇ ಅಷ್ಟು.) ಸ್ಟ್ರೋಕ್ ಪರೀಕ್ಷೆಗೆಂದು ನಗಿ ಅಜ್ಜಿ ಅಂದಳು, ನಕ್ಕರು. ಎರಡೂ ಕೈ ಎತ್ತಿ ಅಂದಳು, ಎತ್ತಿದರು. ಎಕ್ಸರ್‌ಸೈಜ್ ಶುರುವಾಯಿತು ಅಂದುಕೊಂಡು ಸುತ್ತಲಿನ ಗುಜರಾತಿ ಅಜ್ಜಿಯರೂ ಎತ್ತಿದರು. ಆಂಬುಲೆನ್ಸ್ ಕರೆಯಲಾ ಎಂದು ನರ್ಸ್ ಫೋನ್ ಹಿಡಿದು ನಿಂತಳು. ಆಗಲೇ ಇವಳು ನನಗೆ ಫೋನ್ ಮಾಡಿದ್ದು.

ನಡೆದದ್ದನ್ನೆಲ್ಲ ಕೇಳಿ ನಾನು ಅಂಗಡಿಯವರೆಲ್ಲ ತಿರುಗಿ ನೋಡುವ ಹಾಗೆ ನಕ್ಕೆ.

‘ನರ ಅಂದ್ರೆ ಬರೀ ನರ್ವ್ ಅಲ್ಲ ಕಣೇ. ನರ ಅಂದ್ರೆ ಮನುಷ್ಯ. ಮಾತಾಡೋಕೆ ಒಬ್ಬರೂ ಇಲ್ಲ ಅಂತಿದ್ದಾರೆ ಅಜ್ಜಿ.’

‘ಸೋ ಶೀ ಈಸ್ ಜಸ್ಟ್ ಲೋನ್ಲಿ?’ ಅಂದಳು. (ಆ ‘ಜಸ್ಟ್’ ನೋಡಿ!) ‘ದೆನ್ ವಾಟ್ ಡು ಐ ಡೂ?’

‘ಕೂತ್ಕೊ. ಮಾತಾಡು.’

ನನ್ನ ಕನ್ನಡ ಟೆರಿಬಲ್ ಅಂದಳು. ಅವರ ಇಂಗ್ಲಿಷು ಅದಕ್ಕಿಂತ ಟೆರಿಬಲ್, ಹೋಗು ಅಂದೆ.

ಹೋದಳು. ಕೂತಳು. ಶಾಂತವ್ವ ಊಟ ಮಾಡಿದರು. ಸಂಜೆ ಕರೆತರಲು ಹೋದರೆ, ಸೀಟ್ ಬೆಲ್ಟ್ ಹಾಕುವ ಮೊದಲೇ ಶಾಂತವ್ವನ ತವರಿನ ಎಮ್ಮೆಯ ಕಥೆ ಶುರು. ಮನೆ ಬಂದರೂ ಮುಗಿಯಲಿಲ್ಲ. ಆಮೇಲಿನ ಶನಿವಾರಗಳೆಲ್ಲ ಹಾಗೆಯೇ. ಪೀನಟ್ ಬಟರ್ ಬಾಟಲಿಯಲ್ಲಿ ಶೇಂಗಾ ಚಟ್ನಿಪುಡಿ ಬರತೊಡಗಿತು, ಕಾರಿನ ತುಂಬ ಅದರದೇ ಘಮ. ಅಪ್ಪನಿಗೆ ಮೊಣಕಾಲು ಕುಟ್ಟಿಸಿಕೊಳ್ಳುವುದರ ಜೊತೆಗೆ ‘ಕಾಲ್ ಸಡ್ಲ ಬಿಡ್ರಿ’ ಅಂತ ಕೇಳಿಸಿಕೊಳ್ಳುವ ಭಾಗ್ಯ. ಮೈಸೂರಿನ ಮನುಷ್ಯ ಕಕ್ಕಾಬಿಕ್ಕಿ.

ಸೆಮಿಸ್ಟರ್ ಮುಗಿಯಿತು. ಅಡ್ವೈಸರ್ ಸುದ್ದಿಯನ್ನು ಅವಳು ಎತ್ತಲಿಲ್ಲ. ನಾನೂ ಕೇಳಲಿಲ್ಲ. (ಕೇಳಿದರೆ ನೆನಪಾಗಿಬಿಟ್ಟೀತು!)

ಈಗ ಅವಳು ಮೆಡಿಕಲ್ ಮೊದಲ ವರ್ಷ, ಇಲ್ಲಿಂದ ನಾಲ್ಕು ಗಂಟೆ ಡ್ರೈವ್. ಶಾಂತವ್ವ ಮಗನ ಜೊತೆ ಟೆಕ್ಸಸ್‌ಗೆ ಹೋದರು. ನಮ್ಮ ಫ್ರಿಜ್ಜಿನ ಬಾಗಿಲು ಬೋಳಾಗಿದೆ.

ಕಳೆದ ವಾರ ಸಾರಿಗೆ ಒಗ್ಗರಣೆ ಹಾಕಲು ಹೊರಟಾಗ ಫೋನ್ ಬಂತು. ತಲೆಬುರುಡೆಯ ಹನ್ನೆರಡು ನರಗಳ ಪರೀಕ್ಷೆ ಮುಗಿಸಿದ್ದಳು. ಹೇಗಾಯಿತು ಅಂದೆ. ಎಲ್ಲ ಸರಿ ಬರೆದೆ ಅಂದಳು. ಊಟ ಆಯಿತಾ ಅಂದೆ. ಬೇಡ ಅನಿಸಿತು ಅಂದಳು. ಏನಾಯಿತೇ ಅಂದೆ. ಒಂದೇ ಒಂದು ಇಂಗ್ಲಿಷ್ ಪದ ಸೇರಿಸದೆ, ಗದಗಿನ ಅದೇ ರಾಗದಲ್ಲಿ ಹೇಳಿದಳು:

‘ಮಾತಾಡಾಕ ಒಂದ್ ನರಪಿಳ್ಳಿ ಇಲ್ಲ ನೋಡವಾ ಇಲ್ಲಿ.’

ಒಲೆ ಆರಿಸಿದೆ. ಕೂತೆ. ಮಾತಾಡಿದೆ.

ಈ ಸಲ ಅವಳ ಡಯಾಗ್ನೋಸಿಸ್ ಸರಿಯಾಗಿತ್ತು.