ನಲವತ್ತು ಜೋಡಿ ಕಾಲುಗಳ ಒಪ್ಪಿಗೆ

ಆರನೇ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಶಹಾಪುರದಲ್ಲಿ ಡೀಸೆಲ್ ಎಂಜಿನ್ ರಿಪೇರಿ ಕಲಿತೆ. ಕಾಲುವೆ ಬಂದ ಮೇಲೆ ಸುರಪುರದಿಂದ ಸಗರದವರೆಗೆ ನೀರೆತ್ತುವ ಎಂಜಿನ್ನುಗಳಲ್ಲಿ ನನ್ನ ಕೈ ತಾಗದ್ದು ಕಡಿಮೆ. ಇದನ್ನು ಜಂಬಕ್ಕೆ ಹೇಳುತ್ತಿದ್ದೇನೆ ಎಂದುಕೊಂಡರೆ ತಪ್ಪೇನಿಲ್ಲ, ಜಂಬಕ್ಕೇ ಹೇಳುತ್ತಿದ್ದೇನೆ. ಆದರೆ ವೈದ್ಯಕೀಯ ಸಂಶೋಧನೆಗೆ ದಿಲ್ಲಿಯವರು ಅನುದಾನ ಕೊಡುವುದು, ಅಂದರೆ ಕೊಡದೇ ಇರುವುದು ಹೇಗೆಂದು ಹತ್ತಿರ ನಿಂತು ನೋಡಿದ ಎಂಜಿನ್ ಮೇಸ್ತ್ರಿ ಈ ಮೂರು ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಅದು ಶುರುವಾದದ್ದು ಸರ್ಕಾರಿ ದವಾಖಾನೆಯ ಒಬ್ಬ ಡಾಕ್ಟರಿಂದ. ಮೈಸೂರು ಕಡೆಯ ಹುಡುಗ. ತನ್ನ ಮೋಟಾರ್ ಸೈಕಲ್ಲನ್ನು ವಾರಕ್ಕೊಮ್ಮೆ ನನ್ನ ಅಂಗಡಿಗೆ ತಳ್ಳಿಕೊಂಡು ಬರುತ್ತಿದ್ದ. ಕಾಲುವೆ ನೀರಿಗೆ ಜೋಳದ ಹೊಲಗಳೆಲ್ಲ ನೆಲ್ಲಿನ ಗದ್ದೆಗಳಾಗಿದ್ದವು. ನಾಟಿಯ ದಿನಗಳಲ್ಲಿ ದವಾಖಾನೆಯ ಮುಂದೆ ಹೆಂಗಸರ ಸಾಲು: ಕಾಲ್ಬೆರಳ ಸಂದಿಯೆಲ್ಲ ಕೆಸರು ತಿಂದು ಬೆಳ್ಳಗೆ ಕೊಳೆತಿರುತ್ತಿತ್ತು. ಡಾಕ್ಟರು ನೇರಳೆ ಬಣ್ಣದ ಔಷಧ ಹಚ್ಚುತ್ತಿದ್ದ, ಅವರು ಹೋಗಿ ಮತ್ತೆ ಕೆಸರಲ್ಲಿ ನಿಲ್ಲುತ್ತಿದ್ದರು. ಕೆಸರಿನಲ್ಲೂ ತೊಳೆದು ಹೋಗದಂಥ ಮುಲಾಮು ಯಾವುದೆಂದು ಕಂಡುಹಿಡಿಯಬೇಕೆಂಬುದು ಅವನ ಹುಚ್ಚು. ಅದಕ್ಕೆ ಹಣ ಬೇಕು. ಅಷ್ಟರಲ್ಲಿ, ಸಂಶೋಧನೆ ಮಾಡುವ ಯುವ ಡಾಕ್ಟರುಗಳಿಗೆ ಅನುದಾನವಿದೆ ಎಂದು ದಿಲ್ಲಿಯ ಪ್ರಕಟಣೆಯೊಂದು ಅವನ ಕೈಗೆ ಸಿಕ್ಕಿತು.

ಅರ್ಜಿ ನನ್ನ ಕೈಯಲ್ಲಿನ ಸ್ಪ್ಯಾನರಿಗಿಂತ ಭಾರವಿತ್ತು. ಅದರಲ್ಲೊಂದು ಕಡೆ, ಈ ಸಂಶೋಧನೆಯಿಂದ ಏನು ತಿಳಿಯಿತೆಂದು ಬರೆಯಬೇಕಂತೆ. ತಿಳಿದಿದ್ದರೆ ಹಣ ಏಕೆ ಬೇಕಿತ್ತು? ಮೊದಲು ರಿಪೇರಿಯಾದ ಎಂಜಿನ್ ತಂದು ತೋರಿಸು, ಆಮೇಲೆ ರಿಪೇರಿಗೆ ಕೊಡುತ್ತೇನೆ ಎನ್ನುವ ಗಿರಾಕಿ ನನಗೆ ಇನ್ನೂ ಸಿಕ್ಕಿಲ್ಲ. ಸಿಕ್ಕರೆ ದಿಲ್ಲಿಗೆ ಕಳಿಸಿಕೊಡುತ್ತೇನೆ, ಅಲ್ಲಿ ಅವನಿಗೆ ಒಳ್ಳೆಯ ನೌಕರಿಯಿದೆ.

ಜೊತೆಗೆ, ಕಾಲಿಗೆ ಮುಲಾಮು ಹಚ್ಚಿ ನೋಡಲು ಆಗಬಹುದೇ ಎಂದು ನಲವತ್ತು ಹೆಂಗಸರನ್ನು ಕೇಳಿ, ಅವರ ಒಪ್ಪಿಗೆ ಪತ್ರಗಳನ್ನೂ ಇಡಬೇಕಿತ್ತು. ಡಾಕ್ಟರಿಗೆ ಆ ವಾರ ಲಸಿಕೆಯ ಕೆಲಸ. "ಮೇಸ್ತ್ರಿ, ನಿಮ್ಮ ಮಾತು ಕೇಳ್ತಾರೆ. ಓದಿ ಹೇಳಿ, ಒಬ್ಬೊಬ್ಬರ ಸಹಿ ತನ್ನಿ" ಎಂದು ಕಾಗದದ ಕಟ್ಟು ಕೊಟ್ಟ. ಇಂಥ ಘನ ಕೆಲಸ ನನಗಲ್ಲದೆ ಯಾರಿಗೆ ಕೊಡಬೇಕು ಎಂದುಕೊಂಡು ಸಗರಕ್ಕೆ ಹೋದೆ.

ಅಲ್ಲಿ ನಾಟಿ ನಡೆಯುವುದು ಗುತ್ತಿಗೆಯ ಮೇಲೆ. ಹೆಂಗಸರ ಗುಂಪಿಗೊಬ್ಬಳು ಯಜಮಾನಿ. ಎಲೆ ಅಡಿಕೆ ಹಿಡಿದು ಅವಳು ಹೂಂ ಅಂದರೆ ಇಡೀ ಗುಂಪು ಗದ್ದೆಗೆ ಇಳಿಯುತ್ತದೆ. ನಾನು ಮಸಿ ಡಬ್ಬಿ ತೆಗೆದದ್ದೇ ತಡ, ಹೆಂಗಸರೆಲ್ಲ ನನಗೆ ಬೆನ್ನು ತೋರಿಸಿ ಸಸಿ ಹಚ್ಚತೊಡಗಿದರು.

"ಹಿಂದೊಮ್ಮೆ ಹಿಂಗೇ ಹೆಬ್ಬೆಟ್ಟು ಒತ್ತಿದ್ವಿ. ಹೊಲದ ನಡುವ ಕಾಲುವಿ ಬಂತು" ಎಂದಳೊಬ್ಬಳು, ತಲೆಯೆತ್ತದೆ.

ಯಜಮಾನಿ ನಕ್ಕಳು. "ಅವರಿಗೆ ಹೊಲ ಅದ, ಅಂಜಿಕಿ ಅದ. ನನಗ ಏನದ? ಏನ್ ಒಯ್ತಾರ? ತಾ ಇಲ್ಲಿ. ನಾ ಒಪ್ಪಿದ್ರ ನಲವತ್ತೂ ಮಂದಿ ಒಪ್ಪಿದಂಗ."

ನಲವತ್ತೂ ಕಾಗದಗಳಿಗೆ ಅವಳೇ ಹೆಬ್ಬೆಟ್ಟು ಒತ್ತಿದಳು. ನಾನು ಪಕ್ಕದಲ್ಲಿ ಕೂತು ಒಂದೊಂದನ್ನೂ ಊದಿ ಒಣಗಿಸಿದೆ. ದಿಲ್ಲಿಗೆ ಹೋಗುವ ಕಾಗದ, ಮಸಿ ಹರಡಬಾರದಲ್ಲ!

ಡಾಕ್ಟರು ಆ ಕಟ್ಟನ್ನು ತಿರುವಿ ನೋಡಿದ. ಮತ್ತೊಮ್ಮೆ ನೋಡಿದ. ಯಜಮಾನಿಯ ಹೆಬ್ಬೆರಳಿಗೆ ಅಡ್ಡಲಾಗಿ ಕುಡುಗೋಲಿನ ಹಳೆಯ ಗಾಯವಿತ್ತು.

"ಮೇಸ್ತ್ರಿ, ಸಗರದ ಹೆಂಗಸರೆಲ್ಲ ಒಂದೇ ಕುಡುಗೋಲಿಗೆ ಬೆರಳು ಕೊಟ್ಟಿದ್ದಾರಾ?"

"ಯಜಮಾನಿ ಒಪ್ಪಿದ ಮ್ಯಾಲ ಎಲ್ಲಾರೂ ಒಪ್ಪಿದಂಗ್ರಿ. ಇಲ್ಲಿ ಕೆಲಸ ಹಂಗೇ ನಡೀತದ."

"ಕೆಲಸ ಗುಂಪಿನದು. ಕಾಲು ಅವರವರದ್ದು" ಎಂದವನೇ ನಲವತ್ತನ್ನೂ ಹರಿದು ಹಾಕಿದ.

ಅರ್ಜಿ ಕಳಿಸಲು ಉಳಿದಿದ್ದು ಎರಡೇ ದಿನ. ನನಗೆ ಸಿಟ್ಟು ಬಂತು. ಇಷ್ಟು ವರ್ಷ ನನ್ನ ಕೆಲಸವನ್ನು ನನ್ನೆದುರೇ ಯಾರೂ ಹರಿದು ಹಾಕಿರಲಿಲ್ಲ. ತಪ್ಪು ನನ್ನದೆಂದು ಒಪ್ಪಿಕೊಳ್ಳಲು ಶಹಾಪುರದಿಂದ ಸಗರದವರೆಗಿನ ದಾರಿ ಪೂರ್ತಿ ಬೇಕಾಯಿತು. ಒಪ್ಪಿಕೊಂಡದ್ದು ಮನಸ್ಸಿನಲ್ಲಿ ಮಾತ್ರ. ಬಾಯಿಬಿಟ್ಟು ಹೇಳಲಿಲ್ಲ, ಹೊಸ ಕಾಗದದ ಕಟ್ಟು ಹಿಡಿದು ಮೋಟಾರ್ ಸೈಕಲ್ಲಿನ ಹಿಂದೆ ಕೂತಿದ್ದ ಡಾಕ್ಟರಿಗೆ ಅಷ್ಟೊಂದು ಸಂತೋಷ ಕೊಡುವುದೇಕೆ ಎಂದು.

ಅವನು ಬದುವಿನ ಮೇಲೆ ಕೂತು ಒಬ್ಬೊಬ್ಬರನ್ನೇ ಕರೆದು ಕೇಳಿದ. ಅವನ ಮೈಸೂರು ಮಾತನ್ನು ನಮ್ಮ ಮಾತಿಗೆ ಇಳಿಸುವುದು ನನ್ನ ಪಾಲಿಗೆ ಬಂತು.

"ಇದರಾಗ ನಮ್ಮ ಸರ್ವೆ ನಂಬರ್ ಅದ ಏನ್ರಿ?" ಎಂದು ಕೇಳಿದಳು ಒಬ್ಬ ಮುದುಕಿ.

"ಇಲ್ಲಮ್ಮ. ನಿಮ್ಮ ಕಾಲಿನ ವಿಷಯ ಅಷ್ಟೇ."

"ಕಾಲಿಗೂ ನಂಬರ್ ಕೊಡ್ತೀರೇನು?"

"ಒಂದೊಂದು ನಂಬರ್ ಕೊಡ್ತೀವಿ."

"ಮುಗೀತಲ್ಲೇ ಯವ್ವಾ! ನಾಳಿಂದ ಕಾಲೂ ಸರ್ಕಾರದ್ದು!"

ಗದ್ದೆಯೆಲ್ಲ ನಕ್ಕಿತು. ಯಜಮಾನಿ ಮಾತ್ರ ಸಿಡಿಮಿಡಿಗೊಂಡಿದ್ದಳು. "ಸಾಹೇಬ್ರ, ನೀವು ಹಿಂಗ ಒಬ್ಬೊಬ್ಬರನ್ನ ಮಾತಾಡ್ಸಕೋತ ಕುಂತ್ರ ಸಸಿ ಒಣಗ್ತಾವ್ರಿ."

ಬಿಸಿಲು ಇಳಿಯುವ ಹೊತ್ತಿಗೆ ಮೂವತ್ಮೂರು ಮಂದಿ ಒಪ್ಪಿದರು. ಏಳು ಮಂದಿ ಒಲ್ಲೆ ಎಂದರು, ಆ ಮುದುಕಿಯೂ ಅವರಲ್ಲೊಬ್ಬಳು. ಆ ಏಳು ಕಾಗದಗಳ ಮೇಲೆ ಡಾಕ್ಟರು 'ಒಪ್ಪಲಿಲ್ಲ' ಎಂದು ದೊಡ್ಡ ಅಕ್ಷರದಲ್ಲಿ ಬರೆದ. ಏನೋ ಗೆದ್ದವನ ಹಾಗೆ ಕಾಣುತ್ತಿದ್ದ. ಮರುದಿನ ಯಾದಗಿರಿಯ ಅಂಚೆ ಕಚೇರಿ ಬಾಗಿಲು ಹಾಕುವ ಮೊದಲು ಲಕೋಟೆಗೆ ಮುದ್ರೆ ಬಿತ್ತು. ಮುದ್ರೆ ಒತ್ತುವವನ ಕೈ ನಾನೇ ನೋಡಿಕೊಂಡು ನಿಂತಿದ್ದೆ.

ಉತ್ತರ ಬಂದದ್ದು ಮುಂದಿನ ನಾಟಿಯ ಹೊತ್ತಿಗೆ. ಅನುದಾನ ಮಂಜೂರಾಗಿರಲಿಲ್ಲ. ಕಾರಣ ಹೀಗಿತ್ತು: ಕೇಳಿದವರಲ್ಲಿ ಏಳು ಮಂದಿ ಒಪ್ಪದೇ ಇರುವುದರಿಂದ ಇಲ್ಲಿಯ ಜನರ ಸಹಕಾರ ಸಿಗುವುದು ಅನುಮಾನ. ಡಾಕ್ಟರು ಅದನ್ನು ಓದಿ ಹೇಳಿದಾಗ ನಾನು ನನ್ನ ಜೀವನದ ಅತ್ಯಂತ ಕಷ್ಟದ ಕೆಲಸ ಮಾಡಿದೆ, ಸುಮ್ಮನೆ ಕೂತೆ. ನನ್ನ ನಲವತ್ತು ಹೋಗಿದ್ದರೆ ಅವರಿಗೆ ನಲವತ್ತಕ್ಕೆ ನಲವತ್ತು ಸಹಕಾರ ಸಿಗುತ್ತಿತ್ತು. ನಿಜ ಬರೆದವನಿಗೆ ಶೂನ್ಯ. ಇಷ್ಟು ಓದಿದವರು ಅಲ್ಲಿ ಕೂತಿರುವಾಗ, ಓದದೆ ನಾನೇನು ಕಳೆದುಕೊಂಡೆ ಎಂಬುದು ಅವತ್ತೇ ಸ್ಪಷ್ಟವಾಯಿತು.

"ಮುಂದಿನ ವರ್ಷ ಮತ್ತೆ ಹಾಕೋಣ" ಎಂದ ಡಾಕ್ಟರು. ಅವನ ದನಿಯಲ್ಲಿ ಜೀವವಿರಲಿಲ್ಲ. ಕೈಯಲ್ಲಿದ್ದದ್ದು ಎರಡೇ ಮುಲಾಮು, ಉಳಿದವನ್ನು ತರಿಸಲೂ ದಾರಿಯಿರಲಿಲ್ಲ. ಆ ಹೆಂಗಸರಿಗೆ ಏನು ಹೇಳುವುದು ಎಂಬ ಚಿಂತೆ ಬೇರೆ. ಹೇಳಲೇಬೇಕೆಂದು ಇಬ್ಬರೂ ಸಗರಕ್ಕೆ ಹೋದೆವು.

ಯಜಮಾನಿ ಸೊಂಟಕ್ಕೆ ಕೈಯಿಟ್ಟು ಕೇಳಿಸಿಕೊಂಡಳು. "ನಲವತ್ತು ಮನಿಗಿ ಕೂಲಿಗಿ ಕರ್ಯಾಕ ಹೋದ್ರ ನಲವತ್ತೂ ಮಂದಿ ಹೂಂ ಅಂತಾರೇನು? ದಿಲ್ಲಿಯವರು ಯಾವಾಗಾರ ಆಳು ಕರದಾರೇನ್ರಿ?" ಆಮೇಲೆ ಡಾಕ್ಟರ ಕಾಲು ನೋಡಿದಳು. "ರೊಕ್ಕ ಇಲ್ದಿದ್ರ ಇಲ್ಲ. ನಿಮ್ಮ ಹತ್ರ ಇದ್ದ ಎರಡು ಮುಲಾಮು ಎರಡು ಕಾಲಿಗಿ ಹಚ್ಕೋರಿ. ಬೂಟು ಬಿಚ್ಚಿ ಇಳೀರಿ. ನಾಕು ದಿನ ನಮ್ಮ ಜೋಡಿ ನಿಲ್ರಿ. ಯಾವುದು ನಿಂದರ್ತದ ನಿಮ್ಮ ಕಾಲೇ ಹೇಳ್ತಾವ."

ಹಾಸ್ಯಕ್ಕೆ ಹೇಳಿದಳೆಂದು ನಾನು ನಕ್ಕೆ. ಡಾಕ್ಟರು ಬೂಟು ಬಿಚ್ಚುತ್ತಿದ್ದ.

ನಾಲ್ಕು ದಿನ ರಜೆ ಹಾಕಿ ನಾಟಿ ಮಾಡಿದ. ಅವನು ಹಚ್ಚಿದ ಸಾಲುಗಳನ್ನು ಹೆಂಗಸರು ಹಿಂದಿನಿಂದ ಕಿತ್ತು ಮತ್ತೆ ಹಚ್ಚಿದರೆಂಬುದು ಬೇರೆ ಮಾತು. ಐದನೇ ದಿನ ಕುಂಟುತ್ತ ನನ್ನ ಅಂಗಡಿಗೆ ಬಂದು ಬೆಂಚಿನ ಮೇಲೆ ಎರಡೂ ಕಾಲು ಚಾಚಿದ. ಬಲಗಾಲಿನ ಸಂದಿಗಳು ಕೊಳೆತಿದ್ದವು. ಎಡಗಾಲು ಅಷ್ಟಾಗಿ ಕೆಟ್ಟಿರಲಿಲ್ಲ. ಹೊಸ ನೋಟುಬುಕ್ಕು ತೆಗೆದು ಒಂದನೇ ನಂಬರಿನ ಮುಂದೆ ಎರಡನ್ನೂ ಬರೆದುಕೊಂಡ. ಆಮೇಲೆ ಉಳಿದಿದ್ದ ಒಂದು ಒಪ್ಪಿಗೆ ಪತ್ರ ತೆಗೆದು, ತನ್ನ ಹೆಸರು ತುಂಬಿ, ಸಹಿ ಹಾಕಿ, ಸಾಕ್ಷಿಯ ಜಾಗದಲ್ಲಿ ಸಹಿ ಹಾಕೆಂದು ನನ್ನತ್ತ ಚಾಚಿದ.

ನಾನು ಕೈ ಒರೆಸಿಕೊಂಡೆ. ಪೆನ್ನು ಹಿಡಿದು, ಅವನ ಮುಖ ನೋಡಿ ಕೇಳಿದೆ: "ಯಾರ ಬಲವಂತಾನೂ ಇಲ್ಲ ಅಲ್ರಿ? ಖರೇನ ಒಪ್ಪಿಗಿ ಅದ ಅಲ್ರಿ?"

"ಇದೆ ಮೇಸ್ತ್ರಿ. ತುರಿಕೆ ತಡೆಯೋಕಾಗ್ತಿಲ್ಲ, ಬೇಗ ಹಾಕಿ."