ಆಯುಧಪೂಜೆಯ ದಿನ ಏಳದ ಪ್ರೋಗ್ರಾಂ

ನಾನಿರುವ ಡೈರಿಯಲ್ಲಿ ಕಂಪ್ಯೂಟರ್ ಕೆಲಸ ಇಬ್ಬರದು. ಹಾಸನದ ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳುವವನು ನಾನು. ಪ್ರೋಗ್ರಾಂ ಬರೆಯುವವನು ಹೊಳೆನರಸೀಪುರದವನು, ವಯಸ್ಸಿನಲ್ಲಿ ಚಿಕ್ಕವನು, ಹೆಚ್ಚಾಗಿ ಮನೆಯಿಂದಲೇ ಕೆಲಸ. ಒಮ್ಮೆ ಮೀಟಿಂಗಿನಲ್ಲಿ ನಾವಿಬ್ಬರೂ ಕಿತ್ತಾಡಿದ ಮೇಲೆ ಯಜಮಾನರು ಗೆರೆ ಎಳೆದುಬಿಟ್ಟರು: ಯಂತ್ರ ನನ್ನದು, ಅದರೊಳಗೆ ಓಡುವ ಪ್ರೋಗ್ರಾಂ ಅವನದು, ಒಬ್ಬರದನ್ನು ಇನ್ನೊಬ್ಬರು ಮುಟ್ಟಕೂಡದು. ಕೇಳುವುದಕ್ಕೇನೋ ಚೆನ್ನಾಗಿತ್ತು.

ಆಯುಧಪೂಜೆಗೆ ನಮ್ಮಲ್ಲಿ ಸರ್ವರ್ ಆರಿಸುವ ಪದ್ಧತಿ. ಓಡುತ್ತಿರುವ ಯಂತ್ರಕ್ಕೆ ಪೂಜೆ ಮಾಡಬಾರದಂತೆ. ಬೇಡ ಅಂತ ಪ್ರತಿ ವರ್ಷ ಹೇಳಿ ಹೇಳಿ ನನಗೇ ಸಾಕಾಗಿದೆ. ಬೆಳಗಿನ ಹಾಲು ಮುಗಿದ ಮೇಲೆ ಆರಿಸಿದೆ, ಧೂಳು ಒರೆಸಿದೆ. ಕುಂಕುಮ, ಹೂವು, ನಿಂಬೆಹಣ್ಣು, ಮಂಗಳಾರತಿ ಎಲ್ಲ ಆಗಿ ಮತ್ತೆ ಹಾಕಿದಾಗ ದೀಪಗಳೆಲ್ಲ ಹತ್ತಿದವು. ಕಡ್ಲೆಪುರಿ ಕಟ್ಟಿಸಿಕೊಂಡು ಮನೆಗೆ ಹೋಗಿ ಮಲಗಬೇಕು ಅನ್ನುವುದೊಂದೇ ಆಸೆ.

ಸಂಜೆ ಹೊರಡುವಷ್ಟರಲ್ಲಿ ನುಗ್ಗೇಹಳ್ಳಿ ಹಾಲಿನ ಕೇಂದ್ರ ನಡೆಸುವ ಹೆಂಗಸಿನ ಫೋನು.

"ಸಾ, ತೂಕ ತಗತಾನೇ ಇಲ್ಲ, ಚೀಟಿ ಬತ್ತಾ ಇಲ್ಲ. ಜನ ಎದುರುಗಡೆ ಡೈರಿಗೆ ಓಯ್ತೀವಿ ಅಂತಾವ್ರೆ."

ಅವಳ ಗಾಬರಿ ನನಗೆ ಗೊತ್ತು. ಆ ಕೇಂದ್ರಕ್ಕೆ ಹಾಲು ಕಮ್ಮಿಯಾಗುತ್ತಿದೆ, ಇನ್ನೂ ಇಳಿದರೆ ಮುಚ್ಚುತ್ತೇವೆ ಅಂತ ಯಜಮಾನರು ಅವಳ ಮುಖಕ್ಕೇ ಹೇಳಿದ್ದರು. ಅರಕಲಗೂಡು ಕಡೆಯ ಕೇಂದ್ರದವರೂ ಫೋನ್ ಮಾಡಿದರು, ತೂಕ ಪುಸ್ತಕದಲ್ಲಿ ಬರೆದುಕೊಂಡು ಚೀಟಿ ನಾಳೆ ಕೊಡ್ತೀವಿ ಅಂತ ಜನರನ್ನು ಒಪ್ಪಿಸಿಕೊಂಡರು. ಇವಳ ಹತ್ತಿರ ನಾಳೆ ಅನ್ನುವ ಹಾಗಿರಲಿಲ್ಲ.

ನೋಡಿದರೆ, ಯಂತ್ರ ಎದ್ದಿದೆ, ಕೇಂದ್ರಗಳ ತೂಕ ಬರೆದುಕೊಂಡು ಚೀಟಿ ಕೊಡುವ ಪ್ರೋಗ್ರಾಂ ಎದ್ದಿಲ್ಲ. ಈ ವರ್ಷ ಹೊಸದಾಗಿ ಬರೆದದ್ದನ್ನು ಆ ಮಹಾರಾಯ ತನ್ನ ಲಾಗಿನ್‌ನಿಂದ ಕೈಯಾರೆ ಶುರುಮಾಡಿ ಹಾಗೇ ಬಿಟ್ಟಿದ್ದ. ಯಂತ್ರ ಆರಿ ಹತ್ತಿದರೆ ತಾನಾಗಿ ಏಳು ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ. ಫೋನ್ ಮಾಡಿದೆ.

"ಅದು ಸರ್ವರ್ ಕಡೇದು ಸರ್, ನಿಮ್ದು" ಅಂದ.

"ಹೇಗೆ ಏಳಿಸಬೇಕು ಅಂತ ಬರೆದಿಡೋದು ನಿಂದಲ್ವೇನಯ್ಯಾ? ಹೋಗಲಿ, ಈಗ ಅಲ್ಲಿಂದಲೇ ಶುರುಮಾಡು."

"ಲ್ಯಾಪ್‌ಟಾಪ್ ಪೂಜೆಗೆ ಇಟ್ಟಿದ್ದೀವಿ ಸರ್. ನಾಳೆವರೆಗೂ ಮುಟ್ಟಂಗಿಲ್ಲ ಅಂತಾರೆ ಅಮ್ಮ."

ನಗಬೇಕೋ ಅಳಬೇಕೋ! ನನ್ನ ಯಂತ್ರಕ್ಕೂ ಪೂಜೆ, ಅವನ ಯಂತ್ರಕ್ಕೂ ಪೂಜೆ. ಯಜಮಾನರಿಗೆ ಮಾಡಿದರೆ ಫೋನ್ ಎತ್ತಲಿಲ್ಲ. ಅಷ್ಟರಲ್ಲಿ ನುಗ್ಗೇಹಳ್ಳಿಯಿಂದ ಮತ್ತೆ ಫೋನು.

"ಸಾ, ಇಬ್ರು ಕ್ಯಾನ್ ಎತ್ಕಂಡು ಓದ್ರು. ಏನಾರಾ ಮಾಡಿ ಸಾ."

ಸರ್ವರ್ ನೋಡಿಕೊಳ್ಳುವವನಿಗೆ ಯಾರ ಲಾಗಿನ್ನಿಗಾದರೂ ನುಗ್ಗುವ ದಾರಿ ಇರುತ್ತದೆ. ನುಗ್ಗಬಾರದು, ಅದೇ ಗೆರೆ. ಹಾಳಾಗಿ ಹೋಗಲಿ ಅಂತ ನುಗ್ಗಿದೆ. ಅವನನ್ನು ಫೋನಿನಲ್ಲೇ ಹಿಡಿದುಕೊಂಡು, ಅವನು ಹೇಳಿದ ಹಾಗೆ ಟೈಪ್ ಮಾಡಿ ಪ್ರೋಗ್ರಾಂ ಏಳಿಸಿದೆ. ಇನ್ನು ಮುಂದೆ ತಾನಾಗಿ ಏಳುವ ಹಾಗೂ ಬರೆದಿಟ್ಟೆ.

ಆಮೇಲೆ ಯಜಮಾನರ ಫೋನು ಬಂತು, ನಡೆದದ್ದನ್ನು ಹೇಳಿದೆ. "ಅವನದನ್ನ ಯಾರನ್ನ ಕೇಳಿ ಮುಟ್ಟಿದ್ರಿ?" ಅಂತ ಚೆನ್ನಾಗಿ ಉಗಿದರು. ಮೈಯೆಲ್ಲ ಉರಿದುಹೋಯಿತು, ಆದರೆ ಜಗಳಕ್ಕೂ ತ್ರಾಣ ಬೇಕಲ್ಲ. ಉಗಿದು ಮುಗಿಸಿ, ಸ್ವಲ್ಪ ಯೋಚಿಸಿ, "ಹೆಂಗೂ ನಿಮಗೆ ಬರುತ್ತಲ್ಲಾ, ಇನ್ಮೇಲೆ ಅದನ್ನೂ ನೀವೇ ನೋಡ್ಕೊಳ್ಳಿ" ಅಂದರು. ಹೊಳೆನರಸೀಪುರದವನು ಕೈಮುಗಿಯುವ ಚಿತ್ರ ಕಳಿಸಿದ.

ಬಸ್ಸಿನಲ್ಲಿ ಕೂತಾಗ ನುಗ್ಗೇಹಳ್ಳಿಯವಳೇ ಮತ್ತೆ ಫೋನ್ ಮಾಡಿದಳು. "ಓದೋರೂ ವಾಪಸ್ ಬಂದ್ರು ಸಾ, ಕ್ಯಾನೆಲ್ಲ ಲಾರಿ ಅತ್ತುದ್ವು. ನಿಮ್ಮೊಟ್ಟೆ ತಣ್ಗಿರ್ಲಿ. ಇನ್ಮೇಕೆ ಏನೇ ಆದ್ರೂ ಬ್ಯಾರೆ ಯಾರ್ಗೂ ಮಾಡಕಿಲ್ಲ, ಸೀದಾ ನಿಮ್ಗೇ ಮಾಡ್ತೀನಿ."

"ಮಾಡು ತಾಯಿ" ಅಂದೆ. ಇನ್ನೇನು ಹೇಳಲಿ?