ಆಸ್ಟಿನ್‌ಗೆ ಹೋಗದ ನಾಟಕ

ಮೊನ್ನೆ ಮಗಳು ಸ್ಕೂಲಿನ ನಾಟಕಕ್ಕೆಂದು ಮೀಸೆ ಅಂಟಿಸಿಕೊಳ್ಳುತ್ತಿದ್ದಳು. ಆ ಗೋಂದಿನ ಘಾಟು ಮೂಗಿಗೆ ಬಡಿದದ್ದೇ ತಡ, ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹೊರಗೆ ಬಂದೆ, ಒಳಗೆ ಹೋದೆ, ಮತ್ತೆ ಹೊರಗೆ ಬಂದೆ. "ಅಮ್ಮಾ, ಆರ್ ಯು ಓಕೆ?" ಅಂದಳು. ಏನೂ ಇಲ್ಲ ಅಂದೆ. ಏನೂ ಇಲ್ಲವೇ... ನಾಟಕದ ಅಂಕಲ್ ನೆನಪಾಗಿದ್ದರು.

ಎರಡು ಸಾವಿರದ ಹದಿನಾಲ್ಕೋ ಹದಿನೈದೋ ಇರಬೇಕು. ಆಗ ನಾವು ಅಮೆರಿಕದ ಟೆಕ್ಸಸ್‌ನಲ್ಲಿ, ಡಾಲಸ್ ಪಕ್ಕದ ರಿಚರ್ಡ್‌ಸನ್‌ನಲ್ಲಿದ್ದೆವು. ಅಂಕಲ್ ಮೇಲಿನ ಅಪಾರ್ಟ್‌ಮೆಂಟಿನವರು, ಧಾರವಾಡದ ಕಡೆಯವರು, ಟೆಲಿಕಾಂ ಕಂಪನಿಯಿಂದ ರಿಟೈರ್ ಆಗಿದ್ದರು. ಬೇರೆಯವರು ರಿಟೈರ್ ಆದರೆ ಕಾಶಿ, ರಾಮೇಶ್ವರ ಎನ್ನುತ್ತಾರೆ. ಈ ಪುಣ್ಯಾತ್ಮ ಹೋದದ್ದು ಎಸ್ಟೋನಿಯಾ, ನೆದರ್‌ಲೆಂಡ್ಸ್‌ಗೆ! ಅಲ್ಲಿ ನಾಟಕ ನೋಡಿದ್ದಕ್ಕಿಂತ, ನಾಟಕವನ್ನು ಹೇಗೆ ನಡೆಸುತ್ತಾರೆಂದು ವಿಚಾರಿಸಿದ್ದೇ ಹೆಚ್ಚು. ಸಿಕ್ಕಸಿಕ್ಕವರನ್ನು ಮಾತಾಡಿಸಿ ನೋಟ್‌ಬುಕ್ ತುಂಬಿಸಿಕೊಂಡು ಬಂದಿದ್ದರು.

"ನೋಡವ್ವಾ, ಎಸ್ಟೋನಿಯಾದಾಗ ದೊಡ್ಡ ಊರಿಗೆಲ್ಲಾ ಒಂದೊಂದು ಥಿಯೇಟರ್, ಅದಕ್ಕ ಕಾಯಂ ಪಗಾರದ ನಟರು. ಜನ ಅವರನ್ನ ಮನಿಮಂದಿ ಹಂಗ ನೋಡ್ತಾರ. ಡಚ್ಚರದು ಉಲ್ಟಾ. ಇವತ್ತ ಈ ಊರು, ನಾಳೆ ಆ ಊರು. ಗುರ್ತಿಲ್ಲದವ್ರ ನಾಟಕಾನೂ ಜನ ಬಂದು ಕುಂತು ನೋಡ್ತಾರ," ಅನ್ನುತ್ತಿದ್ದರು.

ಅವರ ತಲೆಗೆ ಹೊಕ್ಕ ಹುಳ ಇದೇ. ನಮ್ಮ ಡಾಲಸ್, ಹ್ಯೂಸ್ಟನ್, ಆಸ್ಟಿನ್‌ಗಳಲ್ಲಿ ಕನ್ನಡ ನಾಟಕವೆಂದರೆ ಮಕ್ಕಳ ಡ್ಯಾನ್ಸಿಗೂ ಊಟಕ್ಕೂ ನಡುವಿನ ಅರ್ಧ ಗಂಟೆ. ಗಂಡ ಪಾರ್ಟು ಮಾಡಿದರೆ ಹೆಂಡತಿ ವಿಡಿಯೋ ಹಿಡಿಯುತ್ತಾಳೆ. ಅವನ ಪಾರ್ಟು ಮುಗಿದರೆ ಇವಳೂ ಎದ್ದಳು. ಸ್ಟೇಜಿನ ಮೇಲೆ ತಮ್ಮವರು ಯಾರೂ ಇಲ್ಲದ ನಾಟಕಕ್ಕೆ ನಮ್ಮ ಜನ ಬರುತ್ತಾರೋ, ಕೊನೆಯವರೆಗೆ ಕೂರುತ್ತಾರೋ? ಸಾಯುವುದರೊಳಗೆ ಅಂಕಲ್‌ಗೆ ಅದೊಂದು ತಿಳಿಯಬೇಕಿತ್ತು. ಹಾಗಾಗಿ ನಮ್ಮ ಡಾಲಸ್ ತಂಡ ಒಂದೇ ನಾಟಕವನ್ನು ಹೊತ್ತು ಮೊದಲು ಹ್ಯೂಸ್ಟನ್‌ಗೆ, ಮುಂದಿನ ಶನಿವಾರ ಆಸ್ಟಿನ್‌ಗೆ ಹೋಗುವುದೆಂದಾಯಿತು. ಹಾಲ್ ಬುಕಿಂಗು, ಅನೌನ್ಸ್‌ಮೆಂಟು ಎಲ್ಲ ನನ್ನ ತಲೆಗೆ ಬಂತು.

ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯ ಹಾಲ್ ತುಂಬಿತ್ತು. ಮಧ್ಯಂತರದಲ್ಲಿ ಅಡುಗೆಯವರು ಬಂದು ಬಿಸಿಬೇಳೆಬಾತ್ ಆರಿಹೋಗುತ್ತಿದೆ ಎಂದು ಪ್ರಾಣ ತಿಂದರು. ನನಗೋ ತಾಳ್ಮೆ ಎಂಬುದು ಹುಟ್ಟಾ ಇಲ್ಲ. ಮೈಕ್ ಹಿಡಿದು, "ಊಟ ರೆಡಿ ಇದೆ, ಆದ್ರೆ ನಾಟಕ ಮುಗಿದ ಮೇಲೆ ಬಡಿಸ್ತೀವಿ" ಅಂದೆ. ನಮ್ಮ ಸಭೆಗಳಲ್ಲಿ ಊಟ ರೆಡಿ ಎಂದ ಮೇಲೆ ಮುಂದಿನ ಮಾತು ಯಾರಿಗೆ ಬೇಕು? ಕುರ್ಚಿ ಸರಿದವು, ಕ್ಯೂ ಬಾಗಿಲಾಚೆ ಬೆಳೆಯಿತು... ಉಳಿದವರು ಹತ್ತು ಹನ್ನೆರಡು ಜನ. ಅಷ್ಟು ಜನಕ್ಕೇ ಅಂಕಲ್ ಕೊನೆಯ ಅಂಕವನ್ನು ಒಂದು ಮಾತೂ ನುಂಗದೆ ಆಡಿದರು.

ಆಮೇಲೆ ಕನ್ನಡಿ ಮುಂದೆ ಮೀಸೆ ಕೀಳುತ್ತಾ, "ಆಸ್ಟಿನ್ನಾಗ ಊಟಾನ ಮೊದಲ ಹಾಕಿಬಿಡೋಣವ್ವಾ, ಆಮ್ಯಾಲೆ ನೋಡೋಣು" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ವಾರವೆಲ್ಲ ನನಗೆ ಅದೇ ಯೋಚನೆ. ಊಟ ಮೊದಲೇ ಹಾಕಿ, ಆಸ್ಟಿನ್‌ನಲ್ಲೂ ಹೀಗೇ ಜನ ಎದ್ದು ಹೋದರೆ ಅವರ ಮುಖ ನೋಡುವುದು ಹೇಗೆ? ಗುರುವಾರ ನಾನೇ ಫೋನ್ ಮಾಡಿ ಹಾಲ್ ಕ್ಯಾನ್ಸಲ್ ಮಾಡಿದೆ. ಮೆಟ್ಟಿಲು ಹತ್ತಿ ಹೋಗಿ, "ಅಂಕಲ್, ಹಾಲ್‌ನವರು ಕೈಕೊಟ್ಟುಬಿಟ್ರು" ಅಂದೆ. ಎಷ್ಟು ಸಲೀಸಾಗಿ ಬಂತು ಸುಳ್ಳು!

"ಹೋಗ್ಲಿ ಬಿಡವ್ವಾ. ಮುಂದಿನ ವರ್ಷ ಮಾಡೋಣಂತ," ಅಂದರು.

ಮುಂದಿನ ವರ್ಷದ ಹೊತ್ತಿಗೆ ಸ್ಟ್ರೋಕ್ ಆಗಿ ಮಾತೇ ನಿಂತಿತ್ತು. ಹೆಚ್ಚು ದಿನ ಉಳಿಯಲಿಲ್ಲ...

ಈಗ ನಾವಿರುವುದು ಆಸ್ಟಿನ್ ಹತ್ತಿರದ ಟೇಲರ್‌ನಲ್ಲಿ. ಹೋದ ತಿಂಗಳು ಒಂದು ಪೂಜೆಯಲ್ಲಿ ಪಕ್ಕ ಕೂತ ಆಸ್ಟಿನ್‌ನ ಆಂಟಿ ಹಳೇ ಮಾತು ತೆಗೆದರು. "ಆಗ ಡಾಲಸ್‌ನವರ ನಾಟಕ ಇದೆ ಅಂತ ನಾವೆಲ್ಲ ಹೋಗಿದ್ವಿ ನೋಡು, ಹಾಲ್‌ಗೆ ಬೀಗ. ಕ್ಯಾನ್ಸಲ್ ಆಗಿದ್ದು ಯಾರಿಗೂ ಗೊತ್ತೇ ಇರ್ಲಿಲ್ಲ. ಪಾರ್ಕಿಂಗ್ ಲಾಟ್ ತುಂಬ ಜನ. ಒಂದು ಗಂಟೆ ಕಾದ್ವಿ."

ಅವರಿಗೆ ತಿಳಿಸಬೇಕಾಗಿದ್ದವಳು ನಾನೇ. ಮೆಲ್ಲಗೆ ಕೇಳಿದೆ. "ನಿಮ್ಮವರು ಯಾರಾದ್ರೂ ಪಾರ್ಟು ಮಾಡ್ತಿದ್ರಾ ಆಂಟಿ?"

"ಇಲ್ಲಮ್ಮ, ಯಾರ ಪರಿಚಯಾನೂ ಇರ್ಲಿಲ್ಲ. ಕನ್ನಡ ನಾಟಕ ಅಲ್ವಾ, ನೋಡೋಣ ಅಂತ."

ಈ ಒಂದು ಮಾತು ಅಂಕಲ್‌ಗೆ ಬೇಕಿತ್ತು. ಈಗ ಯಾರಿಗೆ ಹೋಗಿ ಹೇಳಲಿ?